ಈಕೀ ದೋಷ ಏನು?

ಹೋದ ವರ್ಷ ದೀಪಾವಳಿಗೆ ನನ್ನ ತಮ್ಮನ ಮಗ ಪುಣೆಯಿಂದ ಚಿಕ್ಕೋಡಿಗೆ ಬರುವಾಗ ಮೂವರು ಗೆಳೆಯರನ್ನೂ ಕರೆತಂದಿದ್ದ. ಇಬ್ಬರು ಹುಡುಗರು, ನಿಪ್ಪಾಣಿಯ ಒಬ್ಬ ಹುಡುಗಿ. ನಾಲ್ವರೂ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಹಾಳೆ ಪೆನ್ಸಿಲ್ಲು ಹರವಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಡುವೆ ಬಣ್ಣಬಣ್ಣದ ದಾಳಗಳು. ಅದರಲ್ಲೊಂದಕ್ಕೆ ಇಪ್ಪತ್ತು ಮುಖ. ಪಗಡೆಯ ದಾಳ ನೋಡಿದವಳು, ಕವಡೆ ಉರುಳಿಸಿ ಆಡಿದವಳು ನಾನು. ಇಪ್ಪತ್ತು ಮುಖದ್ದನ್ನು ಕಂಡಿರಲಿಲ್ಲ. ಜೂಜೋ ಏನೋ ಎಂಬ ಸಂಶಯದಿಂದ ಫರಾಳದ ತಾಟು ಇಡುವ ನೆವ ಮಾಡಿ ಎರಡು ಸಲ ಇಣುಕಿ ಬಂದೆ. ದುಡ್ಡು ಕಾಣಲಿಲ್ಲ. ಮೂರನೆಯ ಸಲ ಹೋದಾಗ ಅವನೇ, "ಅತ್ತಿ, ಒಬ್ರು ಕಡಿಮಿ ಅದೀವಿ, ನೀ ಬಂದು ಕೂಡು" ಎಂದ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಹೊರತಂದದ್ದಂತೆ. ಇದರಲ್ಲಿ ಗೆಲ್ಲುವುದು ಸೋಲುವುದು ಇಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಒಬ್ಬ ಸೂತ್ರಧಾರ ಇರುತ್ತಾನೆ. ಊರು, ಕಾಡು, ಹೊಳೆ, ವೈರಿ ಎಲ್ಲವನ್ನೂ ಬಾಯಲ್ಲೇ ಕಟ್ಟಿ ಕೊಡುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತನ್ನು ಆಗಿಂದಾಗ ಆಡಬೇಕು, ಏನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸುತ್ತದೋ ಇಲ್ಲವೋ ಎನ್ನುವುದು ದಾಳದ ಕೈಯಲ್ಲಿ.

ಕೇಳಿದಾಗ ನನಗೇನೂ ಹೊಸತೆನಿಸಲಿಲ್ಲ. ನಮ್ಮ ಬಯಲಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು, ನೀವು ಯಾರು, ಯಾವ ಪಟ್ಟಣದವರು ಎಂದು ವಿಚಾರಿಸುವುದಿಲ್ಲವೆ? ಕರಾವಳಿಯ ತಾಳಮದ್ದಲೆಯಂತೂ ಇದಕ್ಕೆ ಇನ್ನೂ ಹತ್ತಿರ. ಬಣ್ಣವಿಲ್ಲ, ಕಿರೀಟವಿಲ್ಲ, ಪಂಚೆ ಶಾಲಿನಲ್ಲಿ ಕೂತ ಕೂತಲ್ಲೇ ಒಬ್ಬರು ರಾಮ, ಒಬ್ಬರು ವಾಲಿ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಮಾತಿಗೆ ಕೂತವರೆಂದೇ ನಾಡಿಗೆಲ್ಲ ಹೆಸರಾದರು. ನಮ್ಮ ಹುಡುಗರ ಆಟಕ್ಕೂ ಅದಕ್ಕೂ ನಡುವೆ ದಾಳ ಒಂದೇ ಹೆಚ್ಚು ಎಂದುಕೊಂಡು ಧೈರ್ಯವಾಗಿ ಕೂತೆ.

ಒಂದು ಅಚ್ಚಾದ ಹಾಳೆ ಕೊಟ್ಟರು. ಪಾತ್ರದ ಹೆಸರು, ಬಲ, ಬುದ್ಧಿ ಎಲ್ಲಕ್ಕೂ ಚೌಕಗಳು. 2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ನಾಲ್ಕು ವಿಷಯ ಬರೆಯಬೇಕಿತ್ತಂತೆ: ಸ್ವಭಾವ, ಆದರ್ಶ, ಯಾರ ಮೇಲೆ ಜೀವ, ಕೊನೆಗೆ ದೋಷ. ನಾನು ಬೇರು ನಾರು ಕೊಟ್ಟು ರೋಗ ವಾಸಿ ಮಾಡುವ ಒಬ್ಬ ಮುದುಕಿಯನ್ನು ಕಟ್ಟಿದೆ. ಪರೋಪಕಾರಿ, ಸತ್ಯವಂತೆ, ಸಮಾಧಾನಿ. ದೋಷದ ಚೌಕದಲ್ಲಿ "ಇಲ್ಲ" ಎಂದು ಬರೆದೆ. ಮೂವತ್ತು ವರ್ಷ ಮಕ್ಕಳಿಂದ ತುಂಬಿಸಿಕೊಂಡ ಫಾರ್ಮುಗಳಲ್ಲಿ ಖಾಲಿ ಬಿಡಬಾರದು ಎಂದು ಹೇಳಿದವಳಲ್ಲವೆ, ಖಾಲಿ ಬಿಡಲಿಲ್ಲ.

ತಮ್ಮನ ಮಗ ಹಾಳೆ ನೋಡಿ, "ಅತ್ತಿ, ಈಕೀ ದೋಷ ಏನು?" ಎಂದ.

"ದೋಷ ಇಲ್ಲದಾಕಿ ಅಂತ ತಿಳಕೊ."

"ನಿನ್ನ ಇಷ್ಟ" ಎಂದು ಸುಮ್ಮನಾದ.

ಮೊದಲ ಸಂಜೆ ಮೂರು ತಾಸು ಆಡಿದೆವು. ನಿಪ್ಪಾಣಿ ಹುಡುಗಿಯದು ಕತ್ತಲಿಗೆ ಹೆದರುವ ಸಿಪಾಯಿ. ಒಬ್ಬ ಹುಡುಗನದು ಹೊಗಳಿದರೆ ಮನೆಯನ್ನೇ ಬರೆದುಕೊಡುವ ರಾಜಕುಮಾರ, ಇನ್ನೊಬ್ಬನದು ಕಳ್ಳ. ಗುಹೆಯ ಬಾಯಿಗೆ ಬಂದರೆ ಸಿಪಾಯಿಯ ಕಾಲು ನಡುಗಿತು. ರಾಜಕುಮಾರನನ್ನು ಯಾರೋ ಹೊಗಳಿ ಅವನ ಉಂಗುರ ಇಸಿದುಕೊಂಡರು. ಎಲ್ಲರೂ ನಕ್ಕರು, ಬೈದಾಡಿದರು, ಒಬ್ಬರನ್ನೊಬ್ಬರು ಎಳೆದುಕೊಂಡು ಹೊರಟರು. ನನ್ನ ಮುದುಕಿ ಮಾತ್ರ ಹಿಂದೆ ನಿಂತು ಬುದ್ಧಿ ಹೇಳುತ್ತಿದ್ದಳು. ಹೆದರಬ್ಯಾಡವಾ, ದುಡ್ಡು ಜ್ವಾಕಿ ಮಾಡಪಾ, ಇಷ್ಟೆ. ಅವಳಿಗೆ ಯಾರೂ ಬೇಕಿರಲಿಲ್ಲ. ಅವಳೂ ಯಾರಿಗೂ ಬೇಕಾಗಲಿಲ್ಲ. ರಾತ್ರಿ ಮಲಗುವಾಗ, ಇವಳು ನನಗೆ ಬಹಳ ಪರಿಚಯದವಳು ಎನಿಸಿತು. ಸ್ಟಾಫ್ ರೂಮಿನಲ್ಲಿ ನೋಡಿದ್ದೆ.

ನನ್ನ ಅಜ್ಜಿ ನನ್ನನ್ನು ಶ್ರೀಕೃಷ್ಣ ಪಾರಿಜಾತ ನೋಡಲು ಕರೆದುಕೊಂಡು ಹೋಗುತ್ತಿದ್ದಳು. 1970ರ ದಶಕದ ಮಾತು. ನಮ್ಮ ಜಿಲ್ಲೆಯವನೇ ಆದ ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ ಕಥೆ ಅದು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಮೆರೆದ ರಂಗ. ನಮ್ಮ ಮನೆಯಲ್ಲಿ ಹೆಣ್ಣು ಹುಡುಗರಿಗೆ ಪಾರಿಜಾತಕ್ಕೆ ಅಪ್ಪಣೆ ಇತ್ತು, ಸಂಗ್ಯಾ ಬಾಳ್ಯಾಕ್ಕೆ ಇರಲಿಲ್ಲ. ಪರರ ಹೆಂಡತಿಯ ಮೇಲೆ ಮನಸ್ಸಿಟ್ಟವನ ಆಟ ನೋಡಿದರೆ ಹುಡುಗಿಯರು ಕೆಡುತ್ತಾರೆಂದು ಹಿರಿಯರ ಅಂಜಿಕೆ. 1980ರ ದಶಕದಲ್ಲಿ ಅಮೆರಿಕದಲ್ಲಿಯೂ ಈ ದಾಳದ ಆಟದಿಂದ ಮಕ್ಕಳು ದೆವ್ವದ ದಾರಿ ಹಿಡಿಯುತ್ತಾರೆಂದು ಕೆಲವು ತಂದೆತಾಯಿಗಳು, ಧರ್ಮದವರು ಗುಲ್ಲೆಬ್ಬಿಸಿದ್ದರಂತೆ. ಎಲ್ಲಿ ಹೋದರೂ ಹಿರಿಯರ ಅಂಜಿಕೆಗೆ ಒಂದೇ ಮುಖ.

ಪಾರಿಜಾತದ ಕಥೆ ನಿಮಗೆಲ್ಲ ಗೊತ್ತು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಭಾಮೆಯದು ಗರ್ವ, ಮತ್ಸರ, ಹಟ, ಮೂರೂ ದೋಷ. ರುಕ್ಮಿಣಿ ನಿರ್ದೋಷಿ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು, ಮಗ್ಗುಲಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಕೂತ ಆ ಹೆಂಗಸರು ಬಂದದ್ದು ರುಕ್ಮಿಣಿಯನ್ನು ನೋಡಲಿಕ್ಕಲ್ಲ. ಭಾಮೆಯೂ ಸಮಾಧಾನಿಯಾಗಿದ್ದರೆ ಏನಾಗುತ್ತಿತ್ತು? ಹೂ ಬಂತು, ಆಕೆ ಮುಡಿದಳು, ಮಂಗಳಾರತಿ. ಒಂಬತ್ತು ಗಂಟೆಗೆ ಎಲ್ಲರೂ ಮನೆಗೆ. ಎತ್ತಿನ ಬಂಡಿಯಲ್ಲಿ ಬೆಳಗಿನ ಜಾವ ತಿರುಗಿ ಬರುವಾಗ ಅಜ್ಜಿ ಮತ್ತು ಓಣಿಯ ಹೆಂಗಸರು ಭಾಮೆಯ ಪರವಾಗಿ ವಾದ ಮಾಡುತ್ತಿದ್ದರು. "ಆಕೀದೇನ ತಪ್ಪ? ಇಬ್ರ ಹೇಂಡ್ರು ಇದ್ದಾಂವ ಒಂದ ಹೂ ಇಸಗೋಬಾರದಿತ್ತು" ಎಂದು ನನ್ನಜ್ಜಿ ಕೃಷ್ಣ ಪರಮಾತ್ಮನ ಮೇಲೆಯೇ ತೀರ್ಪು ಕೊಟ್ಟಿದ್ದು ನನಗೆ ಇಂದಿಗೂ ನೆನಪಿದೆ. ತನ್ನ ಮನೆಯಲ್ಲಿ ಆಕೆ ಜೀವನವಿಡೀ ರುಕ್ಮಿಣಿಯಾಗಿಯೇ ಇದ್ದಳು. ಬಾಗಿಲು ಹಾಕಿಕೊಂಡು ಗಂಡನನ್ನು ಹೊರಗೆ ನಿಲ್ಲಿಸುವ ಸುಖ ಅವಳಿಗೆ ವರ್ಷಕ್ಕೆ ಒಂದು ರಾತ್ರಿ ಸಿಗುತ್ತಿತ್ತು, ಅದೂ ಬೇರೆಯವಳ ವೇಷದಲ್ಲಿ.

ಇದೆಲ್ಲ ನೆನೆದು ಮರುದಿನ ನಾನಾಗಿಯೇ ಹಾಳೆ ಕೇಳಿ, "ಇಲ್ಲ" ಎಂಬುದನ್ನು ಹೊಡೆದು "ಮುಂಗೋಪ, ನೇರ ಮಾತು" ಎಂದು ಬರೆದೆ. ನಿಪ್ಪಾಣಿ ಹುಡುಗಿ ನಕ್ಕಳು. ಅವಳ ಅಜ್ಜಿ ತಂಬಾಕಿನ ವಖಾರಿಯಲ್ಲಿ ದುಡಿದು ಮೊಮ್ಮಗಳ ತನಕ ಮನೆ ಎತ್ತಿದವಳಂತೆ. ಹುಡುಗಿಯ ಮಾತಿಗೂ ಆ ತಂಬಾಕಿನ ಘಾಟು ಇತ್ತು. "ಆಂಟಿ, ಇದು ದೋಷ ಅಲ್ರಿ, ದಾಗಿನಾ. ಮದುವಿ ಮನ್ಯಾಗ ಎಲ್ಲಾರೂ ಇದನ್ನ ಹಾಕ್ಕೊಂಡ ಬರ್ತಾರು" ಎಂದಳು.

ನಿಜವಾದ ಮಾತು. ನಾವು ಹೆಂಗಸರು ನಮ್ಮ ದೋಷ ಹೇಳಿಕೊಳ್ಳುವ ರೀತಿಯನ್ನೇ ನೋಡಿರಿ. ನನಗ ಸಿಟ್ಟು ಭಾಳ. ನನಗ ಒಳಗೊಂದು ಹೊರಗೊಂದು ಬರೂದಿಲ್ಲ. ನಾ ಎಲ್ಲಾರನ್ನೂ ಲಗೂನ ನಂಬತೀನಿ. ಹೇಳುವಾಗ ಕುತ್ತಿಗೆ ಸ್ವಲ್ಪ ಎತ್ತಿರುತ್ತೇವೆ. ಯಾರಾದರೂ "ನಾನು ಹೊಟ್ಟೆಕಿಚ್ಚಿನವಳು, ನಾದಿನಿಯ ಮಗ ಫೇಲಾದಾಗ ನನಗೆ ಅನ್ನ ಸೇರಿತು" ಎಂದದ್ದನ್ನು ಕೇಳಿದ್ದೀರಾ?

ತಮ್ಮನ ಮಗ ಇನ್ನೊಂದು ಸಂಗತಿ ಹೇಳಿದ. 1986ರಲ್ಲಿ ಬಂದ ಗರ್ಪ್ಸ್ ಎಂಬ ಇಂಥದೇ ಮತ್ತೊಂದು ಆಟವಿದೆಯಂತೆ. ಅದರಲ್ಲಿ ಪಾತ್ರಕ್ಕೆ ದೋಷ ಹಚ್ಚಿಕೊಂಡರೆ ಅಂಕಗಳು ಸಿಗುತ್ತವೆ. ಆ ಅಂಕಗಳನ್ನು ಕೊಟ್ಟು ಶಕ್ತಿ, ವಿದ್ಯೆ ಕೊಂಡುಕೊಳ್ಳಬಹುದು. ಒಂದು ಕಣ್ಣು ಇಲ್ಲ, ಸಾಲ ಇದೆ, ಸುಳ್ಳು ಹೇಳಲಾರ, ಎಲ್ಲಕ್ಕೂ ಒಂದೊಂದು ಬೆಲೆ. ಹೀಗಾಗಿ ಜಾಣರು ಎಂದೂ ಅಡ್ಡ ಬಾರದ ದೋಷಗಳನ್ನೇ ಹುಡುಕಿ ಹಚ್ಚಿಕೊಳ್ಳುತ್ತಾರಂತೆ. ಚಿಕ್ಕೋಡಿಯಲ್ಲಿ ಕೂತು ಸಮುದ್ರಕ್ಕೆ ಅಂಜುತ್ತೇನೆ ಎಂದು ಹೇಳಿ ಅಂಕ ತೆಗೆದುಕೊಂಡ ಹಾಗೆ. ಅದಕ್ಕೇ ಒಳ್ಳೆಯ ಸೂತ್ರಧಾರನಾದವನು ಅಂಥವನನ್ನು ಹುಡುಕಿ ಹಡಗು ಹತ್ತಿಸುತ್ತಾನೆ ಎಂದು ಅವನು ನಗುತ್ತ ಹೇಳಿದ.

ಅದೇ ಸಂಜೆ ಆಟದಲ್ಲಿ ಜಗಳವಾಯಿತು. ಕಳ್ಳನ ಪಾತ್ರದ ಹುಡುಗ ನಿದ್ದೆಯಲ್ಲಿದ್ದ ಸಿಪಾಯಿಯ ಚೀಲದಿಂದ ನಾಣ್ಯ ಕದ್ದ. ಮೂರನೆಯ ಸಲ ಕದ್ದಾಗ ಹುಡುಗಿಗೆ ಬೇಸರವಾಯಿತು. ಅದು ಸಿಪಾಯಿಯ ಬೇಸರವಲ್ಲ, ಅವಳದೇ. ಹುಡುಗ ಭುಜ ಕುಣಿಸಿ, "ನಾ ಏನ ಮಾಡ್ಲಿ, ನನ್ನ ಪಾತ್ರನ ಹಂಗ ಐತಿ" ಎಂದ. ತಮ್ಮನ ಮಗ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಆಟ ನಿಲ್ಲಿಸಿದ. "ಪಾತ್ರ ಹಂಗ ಮಾಡಿದಾಂವ ಯಾರು? ನೀನ ಅಲ್ಲ?" ಎಂದು ಕೇಳಿದ. ದನಿ ಎತ್ತಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಊರಿನಲ್ಲಿ ಆ ನಾಣ್ಯದಿಂದಲೇ ಸಿಪಾಯಿಗೆ ಒಂದು ಕಂದೀಲು ಕೊಂಡುಕೊಟ್ಟ. ಕಳ್ಳ ಕಳ್ಳನೇ ಉಳಿದ. ಆಟ ಮುಂದೆ ಹೋಯಿತು.

ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ. ಸ್ವಭಾವವೇ ಹಾಗೆ, ಏನು ಮಾಡಲಿ ಎಂಬ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆ, ಎಷ್ಟು ಸಲ ಕೇಳಿದ್ದೇನೆ! ಯಾರೋ ಬೇರೆಯವರು ಬರೆದುಕೊಟ್ಟ ಮಾತು ಒಪ್ಪಿಸುವವರ ಹಾಗೆ ಅದನ್ನು ಆಡುತ್ತೇವೆ. ಇಪ್ಪತ್ತನಾಲ್ಕು ವರ್ಷದ ಹುಡುಗ ಕೇಳಿದ ಪ್ರಶ್ನೆಯನ್ನು ನನ್ನ ಅತ್ತೆಯಾಗಲಿ, ಹೆಡ್‌ಮಾಸ್ತರರಾಗಲಿ ನನಗೆ ಕೇಳಿರಲಿಲ್ಲ. ನಾನೂ ಅವರಿಗೆ ಕೇಳಿರಲಿಲ್ಲ.

ಮೂರನೆಯ ಸಂಜೆ ದೋಷದ ಚೌಕದಲ್ಲಿ ಹಿಂದಿನದನ್ನು ಹೊಡೆದು ಹೀಗೆ ಬರೆದೆ: ತಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ. ಯಾರಿಗೂ ತೋರಿಸಲಿಲ್ಲ, ಸೂತ್ರಧಾರ ನೋಡಿದ, ಏನೂ ಅನ್ನಲಿಲ್ಲ.

ಆ ರಾತ್ರಿ ಕಥೆಯಲ್ಲಿ ದಾರಿ ತೋರಿಸುವ ಒಬ್ಬ ಹುಡುಗನಿಗೆ ಕಣ್ಣುಬೇನೆ ಬಂತು. ನನ್ನ ಮುದುಕಿ ರಸ ಹಿಂಡಿದಳು. ದಾಳ ಉರುಳಿಸಿದೆ, ಎರಡು ಬಿತ್ತು. ಹುಡುಗನ ಕಣ್ಣು ಹೋಯಿತು. ಊರವರು ಕೂಡಿ, ಯಾರು ಮಾಡಿದ್ದು ಎಂದು ಕೇಳಿದರು. ಹಾಳೆಯಲ್ಲಿ ಬರೆದದ್ದು ಕಣ್ಣೆದುರಿಗೇ ಇತ್ತು. ನನ್ನ ಮುದುಕಿ ಒಂದು ಕ್ಷಣವೂ ತಡೆಯದೆ, "ಔಷಧ ಬರೋಬರಿ ಇತ್ತು. ಸಿಪಾಯಿ ತಂದ ನೀರು ಕೆಟ್ಟಿತ್ತು" ಎಂದಳು. ಊರವರು ಸಿಪಾಯಿಯನ್ನು ಕಲ್ಲು ಹೊಡೆದು ಓಡಿಸಿದರು. ಹುಡುಗಿ ಕರ್ಚಿಕಾಯಿ ಕಡಿಯುತ್ತ, "ಮಸ್ತ ಮಾಡಿದ್ರಿ ಆಂಟಿ" ಎಂದು ನನ್ನ ಮೊಣಕಾಲು ತಟ್ಟಿದಳು. ನನ್ನ ಬಾಯಿ ಒಣಗಿತ್ತು. ಆ ಮಾತು ನನಗೆ ಎಷ್ಟು ಸಲೀಸಾಗಿ ಬಂತು! ಹುಡುಕಬೇಕಾಗಲಿಲ್ಲ, ಜೋಡಿಸಬೇಕಾಗಲಿಲ್ಲ. ಮೊದಲೆಂದೋ ಆಡಿ ರೂಢಿಯಾದ ಮಾತಿನ ಹಾಗಿತ್ತು.

ಆಡಿದ್ದೆ.

1996ರಲ್ಲಿ ನಾನು ರಾಯಬಾಗ ತಾಲೂಕಿನ ಹೊಳೆಸಾಲಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಗ್ಯಾದರಿಂಗಿಗೆ ರಾಮಾಯಣದ ಒಂದು ಪ್ರಸಂಗ ಬರೆದೆ: ಕೈಕೇಯಿ ವರ ಕೇಳುವುದು. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ನಾನು ಹಚ್ಚಿದ ಒಂದು ಹೆಸರೇ ಅವಳಿಗೆ ಸಾಕಾಗಿದೆ. ಸಣ್ಣವಳಿದ್ದಾಗ ಪೋಲಿಯೊ ಆಗಿ ಎಡಗಾಲು ಸೊರಗಿತ್ತು. ನಡೆಯುವಾಗ ಆ ಕಾಲಿನ ಮೊಣಕಾಲ ಮೇಲೆ ಕೈ ಒತ್ತಿ, ಮೈ ಬಗ್ಗಿಸಿ ಹೆಜ್ಜೆ ಇಡುತ್ತಿದ್ದಳು. ಪಾತ್ರ ಹಂಚುವ ದಿನ ನಾನು ಇಡೀ ವರ್ಗದ ಮುಂದೆ, "ಮಂಥರಿ ಈಕಿ. ಈಕಿಗೆ ಕಲಸೂದ ಬ್ಯಾಡ, ದೇವರ ಕಲಿಸಿ ಕಳಿಸ್ಯಾನ" ಎಂದೆ. ಮಕ್ಕಳು ನಕ್ಕರು. ಅವಳೂ ನಕ್ಕಳು. ಸೀತೆಯ ಪಾತ್ರ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೆ? ವರ್ಗದಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದವಳಿಗೆ. ನಾಲ್ಕೇ ಮಾತಿನ ಪಾತ್ರ, ಎರಡನ್ನು ಮರೆತಳು.

ನನ್ನ ಕಣ್ಣಲ್ಲಿ ಆಗ ಟಿವಿಯ ಮಂಥರೆ ಇದ್ದಳು. 1987, 88ರಲ್ಲಿ ರವಿವಾರ ಮುಂಜಾನೆ ಟಿವಿ ಇದ್ದವರ ಮನೆಯಲ್ಲಿ ಇಡೀ ಓಣಿ ಕೂಡಿ ರಾಮಾನಂದ ಸಾಗರರ ರಾಮಾಯಣ ನೋಡಿದ್ದು ನಿಮಗೂ ನೆನಪಿರಬೇಕು. ಮಂಥರೆಯಾಗಿದ್ದವರು ಲಲಿತಾ ಪವಾರ. ಅವರ ಆ ಕಿರಿದಾದ ಎಡಗಣ್ಣು ಕಂಡರೆ ಹೆಂಗಸರು ಶಾಪ ಹಾಕುತ್ತಿದ್ದರು. ಆ ಕಣ್ಣಿನ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. ನಾಯಕಿಯ ಪಾತ್ರ ಮಾಡುತ್ತಿದ್ದ ತರುಣಿ ಅವರು. 1942ರಲ್ಲಿ ಶೂಟಿಂಗಿನಲ್ಲಿ ಜೊತೆಯ ನಟ ಕೊಟ್ಟ ಏಟು ಜೋರಾಗಿ ಬಿದ್ದು, ಮುಖದ ಒಂದು ಭಾಗ ಸೆಟೆದು ಕಣ್ಣಿಗೆ ಊನವಾಯಿತು. ಅಲ್ಲಿಂದ ಮುಂದೆ ಅವರಿಗೆ ಬಂದ ಪಾತ್ರಗಳೆಲ್ಲ ಹೆಚ್ಚಾಗಿ ಕಾಡುವ ಅತ್ತೆ, ಚಾಡಿಕೋರ ಹೆಂಗಸು. ನಡುವೆ ಒಮ್ಮೆ 1959ರ ಅನಾಡಿ ಚಿತ್ರದಲ್ಲಿ ಬಾಯಿ ಒರಟು, ಮನಸ್ಸು ಬೆಣ್ಣೆ ಎನ್ನುವಂಥ ಮನೆಯೊಡತಿಯ ಪಾತ್ರ ಸಿಕ್ಕಿತು. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ನನಗೆ ನಾಚಿಕೆಯಾಗುವ ಸಂಗತಿ ಇನ್ನೊಂದಿದೆ. ಬಿ.ಎ.ಯಲ್ಲಿ ಕನ್ನಡ ಓದಿದವಳು ನಾನು. ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಮಂಥರೆಯನ್ನು ಕೇಡಿಗಳಾಗಿ ಬರೆಯಲಿಲ್ಲ, ಮಮತೆಯ ಸುಳಿಯಲ್ಲಿ ಸಿಕ್ಕಿದವಳಾಗಿ ಬರೆದರು ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಅದು ಉತ್ತರಪತ್ರಿಕೆಗೆ ಸಾಕಾಗಿತ್ತು, ವರ್ಗದ ಕೋಣೆಯ ತನಕ ಬರಲಿಲ್ಲ.

ಗ್ಯಾದರಿಂಗ್ ದಿನ ಅವಳು ಮಾಡಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೈಕೇಯಿ ಅವಳನ್ನು ನೂಕುತ್ತಾಳೆ. ಅವಳು ನೆಲಕ್ಕೆ ಬಿದ್ದವಳು ಏಳಲಿಲ್ಲ. ಬಿದ್ದಲ್ಲಿಂದಲೇ, ನಾನು ಬರೆಯದ ಒಂದು ಮಾತು ಆಡಿದಳು. "ನಿನ್ನ ಎತ್ತಿ ಆಡಿಸಿದ ಕೈ ಇದು. ನಿನಗ ಕೆಟ್ಟದ್ದ ಮಾಡತೈತೇನವ್ವಾ?" ಗಲಾಟೆ ಮಾಡುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ಮುಂದೆ ಕೂತ ಹೆಂಗಸೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಪರದೆಯ ಹಿಂದೆ ಬಂದಾಗ ನಾನು ಅವಳಿಗೆ ಹೇಳಿದ್ದೇನು ಗೊತ್ತೆ? "ಬರದದ್ದ ಅಷ್ಟ ಹೇಳಬೇಕು."

ಹೆಸರು ಅಂಟಿಕೊಂಡಿತು. ಹುಡುಗರು ಮಂಥರಿ ಎಂದು ಕರೆದರು, ಊರಿನವರೂ ಕರೆದರು. ಒಂದು ದಿನ ಹಾಜರಿ ಕರೆಯುವಾಗ, ವಿನೋದಕ್ಕೆಂದು, ನಾನೂ ಕರೆದೆ. ಹತ್ತನೆಯ ಇಯತ್ತೆಯ ನಡುವೆ ಅವಳು ಶಾಲೆ ಬಿಟ್ಟಳು. ಹೆಡ್‌ಮಾಸ್ತರರು ಕೇಳಿದಾಗ, "ಮನಿ ಪರಿಸ್ಥಿತಿ ಬರೋಬರಿ ಇಲ್ರಿ ಸರ್" ಎಂದೆ. ಪರಿಸ್ಥಿತಿ ಬರೋಬರಿ ಇರಲಿಲ್ಲ ಎನ್ನುವುದೂ ಸುಳ್ಳಲ್ಲ. ಸಿಪಾಯಿ ತಂದ ನೀರು ಕೂಡ ಸ್ವಲ್ಪ ರಾಡಿಯಾಗಿಯೇ ಇತ್ತೇನೋ.

ಅವಳು ಅಥಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಹೇಳಿ ಎರಡು ವರ್ಷವಾಗಿತ್ತು. ಹುಡುಗರು ಪುಣೆಗೆ ತಿರುಗಿ ಹೋದ ಮರುವಾರ ಒಂದು ಕುಪ್ಪಸದ ಖಣ, ಅಳತೆಗೆ ಒಂದು ಹಳೆಯ ಕುಪ್ಪಸ ಚೀಲದಲ್ಲಿ ಹಾಕಿಕೊಂಡು ಅಥಣಿಯ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗುವ ಧೈರ್ಯ ನನಗಿರಲಿಲ್ಲ.

ಸಣ್ಣ ಅಂಗಡಿ. ಕಾಲು ತುಳಿಯುವುದು ಬೇಡವೆಂದು ಮಶೀನಿಗೆ ಮೋಟಾರು ಕೂಡಿಸಿದ್ದಳು. ಇಬ್ಬರು ಹುಡುಗಿಯರು ಕೆಳಗೆ ಕೂತು ಗುಂಡಿ ಹಚ್ಚುತ್ತಿದ್ದರು. ನೋಡಿದ ಕೂಡಲೇ ಗುರುತು ಹಿಡಿದಳು. "ಬಾಯಾರ! ಬರ್ರಿ, ಬರ್ರಿ" ಎಂದು ಕುರ್ಚಿಯ ಮೇಲಿನ ಬಟ್ಟೆ ಸರಿಸಿದಳು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಬಾಯಾರು ಎನ್ನುತ್ತಾರೆ. ಆ ಮಾತು ಅಷ್ಟು ಭಾರವಾಗಿ ನನಗೆಂದೂ ಕೇಳಿಸಿರಲಿಲ್ಲ. ಚಹಾ ತರಿಸಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತು, ಎರಡೇ ಮಾತಿನಲ್ಲಿ ಹೇಳಿದೆ. ಮಂಥರೆಯ ಪಾತ್ರ ಕೊಟ್ಟದ್ದು ತಪ್ಪಾಯಿತು, ಆ ಮಾತು ಅಂದದ್ದು ತಪ್ಪಾಯಿತು.

ಕೆಳಗೆ ಕೂತ ಹುಡುಗಿಯರ ಸೂಜಿ ನಿಂತಿತು. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಮಂಥರಿ ಮಾಡಿದ್ದಕ್ಕ ನನಗೇನೂ ಇಲ್ರಿ ಬಾಯಾರ. ಭಾಳ ಚೊಲೊ ಮಾಡಿದ್ದೆ ನಾ. ಈಗೂ ಮಾತ ಎಲ್ಲಾ ಬರ್ತಾವು" ಎಂದಳು. ಆಮೇಲೆ ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ, "ಮರು ವರ್ಸ ಕಿತ್ತೂರ ಚೆನ್ನಮ್ಮ ಕುಂಡ್ರಿಸಿದ್ರಿ. ನಾ ಬಂದು ಕೇಳಿದೆ, ಚೆನ್ನಮ್ಮ ನಾ ಆಗ್ತೀನ್ರಿ, ದರಬಾರದಾಗ ಕುಂತಿರೂದ ಐತೆಲ್ಲ, ನಡ್ಯೂದ ಇಲ್ಲ ಅಂತ. ನೀವು ನಕ್ರಿ. ಕುದರಿ ಹತ್ತತಿ ಏನು ಅಂದ್ರಿ" ಎಂದಳು.

ನನಗೆ ನೆನಪಿರಲಿಲ್ಲ. ಇಷ್ಟು ವರ್ಷ ಒಂದು ತಪ್ಪನ್ನು ಮುಚ್ಚಿಟ್ಟುಕೊಂಡು, ಕೊನೆಗೆ ಅದನ್ನು ಒಪ್ಪಿಕೊಳ್ಳಲು ಅಥಣಿಯ ತನಕ ಬಂದರೆ, ಅವಳು ಇಟ್ಟುಕೊಂಡದ್ದು ಬೇರೆಯೇ ತಪ್ಪು. ನನ್ನ ಹಾಳೆಯಲ್ಲಿ ಅದಕ್ಕೆ ಚೌಕವೇ ಇರಲಿಲ್ಲ. "ನೆನಪಿಲ್ಲವಾ" ಎಂದೆ. "ಇರ್ಲಿ ಬಿಡ್ರಿ, ನಿಮಗ ಎಷ್ಟ ಹುಡುಗೂರು" ಎಂದಳು. ಕ್ಷಮಿಸಿದೆ ಎಂದಳೋ ಇಲ್ಲವೋ, ಅದರಿಂದ ತಿಳಿಯಲಿಲ್ಲ. ಕೇಳುವುದು ನನ್ನ ಕೆಲಸವೂ ಆಗಿರಲಿಲ್ಲ.

ಖಣ ತೆಗೆದು ಕೊಟ್ಟೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಳತೆಯ ಕುಪ್ಪಸ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮೊಣಕಾಲ ಮೇಲೆ ಕೈ ಒತ್ತಿ ಎದ್ದಳು, ಕೊರಳಲ್ಲಿದ್ದ ಟೇಪು ತೆಗೆದು ನನ್ನ ಹಿಂದೆ ಬಂದು ನಿಂತಳು.

"ಹಳೇ ಅಳತಿ ನಡ್ಯೂದಿಲ್ರಿ ಬಾಯಾರ. ನಿಮ್ಮ ಬೆನ್ನ ಬಗ್ಗೇತಿ."

ಹುಡುಗಿಯರಲ್ಲಿ ಒಬ್ಬಳು ವಹಿ ತೆರೆದು ಬರೆಯಲು ಕೂತಳು. ಅವಳು ಒಂದೊಂದೇ ಅಂಕಿ ಹೇಳುತ್ತ ಹೋದಳು. ಶನಿವಾರ ಬರಲು ಹೇಳಿದ್ದಾಳೆ.